ಅಡುಗೆಮನೆಯ ಹನ್ನೆರಡು ಸ್ಟಾಪ್

ತೀರ್ಥಹಳ್ಳಿಯಲ್ಲಿ ಅಪ್ಪನ ಸ್ನೇಹಿತರೊಬ್ಬರು ಸ್ಟುಡಿಯೊ ಇಟ್ಟುಕೊಂಡಿದ್ದರು. ಬೇಸಿಗೆ ಬಂತೆಂದರೆ ಮದುವೆಗಳ ಕೆಲಸ ರಾಶಿ ಬೀಳುತ್ತಿತ್ತು. ಪ್ರಿಂಟು ತೊಳೆದು ಒಣಹಾಕಲು ಇನ್ನೊಂದು ಜೊತೆ ಕೈ ಬೇಕಾದಾಗ ನನ್ನನ್ನು ಡಾರ್ಕ್ ರೂಮಿನೊಳಕ್ಕೆ ಬಿಟ್ಟುಕೊಳ್ಳುತ್ತಿದ್ದರು. ಕೆಂಪು ಬಲ್ಬು, ಹೈಪೊ ವಾಸನೆ, ಸಾಲಾಗಿ ಇಟ್ಟ ಟ್ರೇಗಳು. ಚಪ್ಪರದಿಂದ ಹೊರಗೆ, ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ ತೆಗೆದ ಮದುಮಗನ ಚಿತ್ರಗಳೇ ಅವರಿಗೆ ದೊಡ್ಡ ಕೆಲಸ. ಪಂಚೆ ಕಣ್ಣು ಕೋರೈಸುವಷ್ಟು ಬಿಳುಪು, ಪೇಟದ ಕೆಳಗೆ ಮುಖ ಕಪ್ಪು. ಎನ್‌ಲಾರ್ಜರಿನಿಂದ ಬೀಳುವ ಬೆಳಕಿನ ನಡುವೆ ಅವರು ತೆಳು ತಂತಿಗೆ ಅಂಟಿಸಿದ ರಟ್ಟಿನ ಬಿಲ್ಲೆಯೊಂದನ್ನು ಹಿಡಿದು ಮುಖದ ಮೇಲೆ ಒಂದೇ ಸಮನೆ ಆಡಿಸುತ್ತಿದ್ದರು. ಬಿಲ್ಲೆಯ ನೆರಳು ಬಿದ್ದಷ್ಟು ಹೊತ್ತು ಆ ಜಾಗದ ಕಾಗದ ಕಪ್ಪಾಗುವುದಿಲ್ಲ. ಆಮೇಲೆ ಎರಡೂ ಅಂಗೈ ಕೂಡಿಸಿ, ನಡುವೆ ಸಣ್ಣ ಕಿಂಡಿ ಬಿಟ್ಟು, ಪಂಚೆಯ ಮೇಲಷ್ಟೇ ಇನ್ನಷ್ಟು ಬೆಳಕು ಬೀಳಿಸುತ್ತಿದ್ದರು.

“ಮುಖ ಎತ್ಬೇಕು, ಪಂಚೆ ಇಳಿಸ್ಬೇಕು. ಕೈ ಆಡಿಸಿದ್ದು ಮಾತ್ರ ಯಾರಿಗೂ ಗೊತ್ತಾಗ್ಬಾರ್ದು ಮಾರಾಯ” ಎನ್ನುತ್ತಿದ್ದರು. ಡೆವಲಪರಿನ ಟ್ರೇಯಲ್ಲಿ ಪಂಚೆಯ ನೆರಿಗೆಗಳು ಒಂದೊಂದಾಗಿ ಮೂಡಿ ಬರುತ್ತಿದ್ದವು. ಬರೀ ಬಿಳಿ ಅಂದುಕೊಂಡ ಕಡೆ ಅಷ್ಟೊಂದು ಗೆರೆ ಅಡಗಿತ್ತೆಂದರೆ, ನೆಗೆಟಿವ್ ಹಿಡಿದಿಟ್ಟುಕೊಂಡಷ್ಟು ಬೆಳಕು ಕಾಗದಕ್ಕೆ ಹಿಡಿಸುವುದಿಲ್ಲ ಎಂದಾಯಿತು. ಫೋಟೊಗ್ರಫಿಯ ಬಗ್ಗೆ ನಾನು ಕಲಿತ ಮೊದಲ ನಿಜವಾದ ಸಂಗತಿ ಅದು. ಇಂದಿಗೂ ನನಗೆ ಅದೇ ಬಹು ಮುಖ್ಯವಾದದ್ದಾಗಿ ಕಾಣುತ್ತದೆ.

ಎಚ್‌ಡಿಆರ್ ಎಂಬ ಹೆಸರು ಕಿವಿಗೆ ಬಿದ್ದಾಗ 2007. ನಾನು ಬೆಂಗಳೂರಿನಲ್ಲಿದ್ದೆ, ಕೈಯಲ್ಲಿ ಕೆನಾನ್ 400ಡಿ ಕ್ಯಾಮೆರಾ ಇತ್ತು. ಹೈ ಡೈನಮಿಕ್ ರೇಂಜ್ ಎಂದರೆ, ಎದುರಿಗಿರುವ ದೃಶ್ಯದ ಅತಿ ಬೆಳಗಿನ ಜಾಗಕ್ಕೂ ಅತಿ ಕತ್ತಲಿನ ಜಾಗಕ್ಕೂ ಇರುವ ದೊಡ್ಡ ಅಂತರ. ಅಂತರವನ್ನು ಸ್ಟಾಪ್‌ಗಳಲ್ಲಿ ಅಳೆಯುತ್ತಾರೆ. ಒಂದು ಸ್ಟಾಪ್ ಮೇಲೇರಿದರೆ ಬೆಳಕು ಇಮ್ಮಡಿ. ಒಂದೇ ಚಿತ್ರದಲ್ಲಿ ಹಿಡಿಸದ ಅಂತರವನ್ನು ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ ಹಲವು ಚಿತ್ರ ತೆಗೆದು, ಕೂಡಿಸಿ, ಕಾಗದಕ್ಕೋ ಪರದೆಗೋ ಹಿಡಿಸುವಂತೆ ಕುಗ್ಗಿಸುವುದು ಈ ವಿಧಾನ. ಓದಿದ ಕೂಡಲೇ ರಟ್ಟಿನ ಬಿಲ್ಲೆ ಕಣ್ಣಮುಂದೆ ಬಂತು.

ಹಾಗೆ ನೋಡಿದರೆ ಇದು ಬಹಳ ಹಳೆಯ ಸಂಕಟ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಚಿತ್ರ ತೆಗೆಯುವಾಗ ಆಕಾಶಕ್ಕೆ ಒಂದು, ನೀರಿಗೆ ಒಂದು ಎಂದು ಎರಡು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಪ್ರಿಂಟ್ ಮಾಡಿದ. ಆ ಕಾಲದ ಗಾಜಿನ ಪ್ಲೇಟಿನ ಲೇಪಕ್ಕೆ ನೀಲಿ ಬೆಳಕಷ್ಟೇ ಚೆನ್ನಾಗಿ ತಾಗುತ್ತಿತ್ತು. ಕಡಲು ಸರಿಬಂದರೆ ಆಕಾಶ ಮೋಡವಿಲ್ಲದೆ ಬೆಳ್ಳಗೆ ಬರುತ್ತಿತ್ತು. ಮುಂದೆ 1940ರ ಸುಮಾರಿಗೆ ಅಮೆರಿಕದಲ್ಲಿ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್, ಯಾವ ಜಾಗ ಎಷ್ಟು ಕಪ್ಪಾಗಬೇಕು, ಎಷ್ಟು ಬಿಳುಪಾಗಬೇಕು ಎಂದು ಶಟರ್ ಒತ್ತುವ ಮೊದಲೇ ಗೊತ್ತುಮಾಡಿಕೊಳ್ಳುವ ಜೋನ್ ಸಿಸ್ಟಂ ರೂಪಿಸಿದರು. ತೀರ್ಥಹಳ್ಳಿಯ ನಮ್ಮ ಹಿರಿಯರಿಗೆ ಈ ಹೆಸರುಗಳು ಗೊತ್ತಿದ್ದವೋ ಇಲ್ಲವೋ. ಅವರ ಕೈಗೆ ಗೊತ್ತಿತ್ತು.

ಡಿಜಿಟಲ್ ಸೆನ್ಸರ್ ಈ ಸಂಕಟಕ್ಕೆ ಒಂದು ಹೊಸ ಮುಖ ಕೊಟ್ಟಿತು. ಫಿಲ್ಮ್ ನೆಗೆಟಿವ್ ಬೆಳಕು ಹೆಚ್ಚಾದರೆ ಮೆಲ್ಲಗೆ ತಡೆದುಕೊಳ್ಳುತ್ತದೆ. ಸೆನ್ಸರ್ ಒಂದು ಮಿತಿಯವರೆಗೆ ಎಣಿಸಿ ಅಲ್ಲಿಗೆ ನಿಂತುಬಿಡುತ್ತದೆ; ಅದರಾಚೆಗೆ ಬಿದ್ದ ಬೆಳಕಿನ ಯಾವ ಗುರುತೂ ಉಳಿಯುವುದಿಲ್ಲ. ಕತ್ತಲಿನ ಕಡೆಯ ಸಮಸ್ಯೆ ಇನ್ನೂ ಸೂಕ್ಷ್ಮ. ಸೆನ್ಸರ್ ಎಣಿಸಿದ್ದನ್ನು ಹಾಗೆಯೇ ಹಿಡಿದಿಡುವ 400ಡಿಯ ರಾ ಕಡತ 12 ಬಿಟ್‌ನದು, ಅಂದರೆ ಕಪ್ಪಿನಿಂದ ಬಿಳುಪಿನವರೆಗೆ 4096 ಮೆಟ್ಟಿಲು. ಕೇಳುವುದಕ್ಕೆ ಧಾರಾಳ. ಆದರೆ ಸೆನ್ಸರ್ ಬೆಳಕನ್ನು ನೇರವಾಗಿ ಎಣಿಸುವುದರಿಂದ, ಬೆಳಕು ಅರ್ಧವಾದರೆ ಅಂಕಿಯೂ ಅರ್ಧ. ಹಾಗಾಗಿ ಅತಿ ಬೆಳಗಿನ ಮೊದಲ ಸ್ಟಾಪ್ ಒಂದೇ 2048 ಮೆಟ್ಟಿಲುಗಳನ್ನು ತೆಗೆದುಕೊಳ್ಳುತ್ತದೆ. ಅದರ ಕೆಳಗಿನದಕ್ಕೆ 1024, ಅದರ ಕೆಳಗಿನದಕ್ಕೆ 512. ಎಂಟನೆಯ ಸ್ಟಾಪಿಗೆ ಇಳಿಯುವಾಗ ಉಳಿಯುವುದು ಬರೀ 16. ಇಷ್ಟು ಅಂಕಿಯಲ್ಲಿ ಒಂದು ಮಸಿ ಹಿಡಿದ ಗೋಡೆಯನ್ನೋ ದೇವಸ್ಥಾನದ ಕಂಬದ ನೆರಳಿನ ಮಗ್ಗುಲನ್ನೋ ಬರೆಯಬೇಕು, ನಾಯ್ಸ್ ಎನ್ನುವ ಸೆನ್ಸರಿನ ಗದ್ದಲವೂ ಅದರಲ್ಲೇ ಸೇರಿರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಆ ನೆರಳನ್ನು ಎತ್ತಿದರೆ ಮೇಲೆ ಬರುವುದು ಹೆಚ್ಚಾಗಿ ಗದ್ದಲವೇ.

ಇದಕ್ಕೆ ಉತ್ತರವಾಗಿ ನನಗೆ ಸಿಕ್ಕಿದ್ದು 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಬರೆದ ಲೇಖನ. ಮಲಿಕ್ ಕಾನ್ಪುರದ ಐಐಟಿಯಲ್ಲಿ ಓದಿ ಬರ್ಕ್ಲಿಯಲ್ಲಿ ನೆಲೆಸಿದವರು. ಅವರಿಗಿಂತ ಎರಡು ವರ್ಷ ಮೊದಲೇ ಸ್ಟೀವ್ ಮ್ಯಾನ್ ಮತ್ತು ರೊಸಲಿಂಡ್ ಪಿಕಾರ್ಡ್ ಇದೇ ದಾರಿ ತೋರಿಸಿದ್ದರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಡೆಬೆವೆಕ್ ಅವರ ಒಂದು ಉದಾಹರಣೆ. ಸ್ಟ್ಯಾನ್‌ಫರ್ಡಿನ ಸ್ಮಾರಕ ಚರ್ಚಿನ ಒಳಗೆ ನಿಂತು, ಬಣ್ಣದ ಗಾಜಿನ ಕಿಟಕಿಗಳೂ ಕತ್ತಲ ಮೂಲೆಗಳೂ ಒಟ್ಟಿಗೆ ಬರುವಂತೆ ತೆಗೆದ 16 ಚಿತ್ರ: 30 ಸೆಕೆಂಡಿನಿಂದ ಶುರುವಾಗಿ ಒಂದೊಂದೇ ಸ್ಟಾಪ್ ಇಳಿಯುತ್ತ 1/1000 ಸೆಕೆಂಡಿನವರೆಗೆ. ಪ್ರತಿ ಚಿತ್ರವೂ ತನಗೆ ಸರಿಯಾಗಿ ಕಂಡ ಜಾಗದ ಬಗ್ಗೆ ಸಾಕ್ಷಿ ಹೇಳುತ್ತದೆ. ನಡುವಿನ ಅಂಕಿಗಳನ್ನು ಹೆಚ್ಚು ನಂಬಿ, ಪೂರ್ತಿ ಕಪ್ಪಿಗೂ ಪೂರ್ತಿ ಬಿಳುಪಿಗೂ ಹತ್ತಿರವಾದ ಅಂಕಿಗಳನ್ನು ಕಡಿಮೆ ನಂಬಿ, ಎಲ್ಲವನ್ನೂ ಅವುಗಳ ಎಕ್ಸ್‌ಪೋಶರ್ ಕಾಲದಿಂದ ಭಾಗಿಸಿ ಸರಾಸರಿ ತೆಗೆದರೆ, ಆ ಚರ್ಚಿನೊಳಗಿನ ಒಂದೊಂದು ಬಿಂದುವಿನಲ್ಲಿ ನಿಜಕ್ಕೂ ಎಷ್ಟು ಬೆಳಕಿತ್ತು ಎಂಬ ಅಳತೆ ಸಿಗುತ್ತದೆ. ಕ್ಯಾಮೆರಾವನ್ನು ಬೆಳಕಿನ ಅಳತೆಗೋಲಾಗಿ ಬಳಸುವ ಈ ಆಲೋಚನೆ ನನಗೆ ಬಹಳ ಸುಂದರವಾಗಿ ಕಂಡಿತು.

ನನಗೆ ಸ್ಟ್ಯಾನ್‌ಫರ್ಡಿನ ಚರ್ಚು ಎಲ್ಲಿಂದ ಬರಬೇಕು? ನನಗಿದ್ದದ್ದು ದೊಡ್ಡಮ್ಮನ ಅಡುಗೆಮನೆ.

ಅಪ್ಪನ ಊರು ತೀರ್ಥಹಳ್ಳಿಯಿಂದ ಒಳಗೆ. ತೋಟದ ಪಕ್ಕದ ಹಂಚಿನ ಮನೆ. ಅಡುಗೆಮನೆಗೆ ಹೊರಗೋಡೆಯಲ್ಲಿ ಒಂದು ಸಣ್ಣ ಕಿಟಕಿ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು. ಎಷ್ಟೋ ವರ್ಷಗಳ ಒಲೆಯ ಹೊಗೆ ಕುಡಿದು ಗೋಡೆ, ತೊಲೆ, ಅಟ್ಟ ಎಲ್ಲ ಮಿರಮಿರನೆ ಕಪ್ಪು. ತೊಲೆಯ ಸಂದಿಯಲ್ಲಿ ಇಲ್ಲಣ ಜೋತಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾಜಿನ ಹಂಚಿನಿಂದ ಬಿಸಿಲುಕೋಲೊಂದು ಇಳಿದು ನೆಲದ ಮೇಲೆ ಚೌಕವಾಗಿ ಬೀಳುವುದು; ಒಲೆಯ ಹೊಗೆ ಅದರೊಳಗೆ ಹೊಕ್ಕು ಸುರುಳಿ ಸುರುಳಿಯಾಗಿ ಮೇಲೇರುವುದು. ಚಿಕ್ಕವನಿದ್ದಾಗ ಆ ಕೋಲಿನೊಳಗೆ ಕೈಯಿಟ್ಟು ಹೊಗೆ ಹಿಡಿಯಲು ನೋಡುತ್ತಿದ್ದೆ. ಅದರ ಚಿತ್ರ ತೆಗೆಯಬೇಕೆಂಬ ಆಸೆ ಕ್ಯಾಮೆರಾ ಕೈಗೆ ಬಂದ ದಿನದಿಂದಲೂ ಇತ್ತು. ಬಿಸಿಲುಕೋಲಿಗೆ ಸರಿಮಾಡಿ ತೆಗೆದರೆ ಸುತ್ತಲಿನ ಮನೆಯೇ ಇರುವುದಿಲ್ಲ. ಗೋಡೆಗೆ ಸರಿಮಾಡಿದರೆ ಬಿಸಿಲು ಬಿದ್ದಲ್ಲೆಲ್ಲ ಬಿಳಿ ತೂತು.

ಕ್ಯಾಮೆರಾ ತಾನಾಗಿಯೇ ಬ್ರಾಕೆಟ್ ಮಾಡುತ್ತಿದ್ದುದು ಮೂರೇ ಚಿತ್ರ, ಹೆಚ್ಚೆಂದರೆ ಎರಡು ಸ್ಟಾಪ್ ಮೇಲೆ, ಎರಡು ಸ್ಟಾಪ್ ಕೆಳಗೆ. ಆ ಅಡುಗೆಮನೆಗೆ ಅದು ಸಾಲುತ್ತಿರಲಿಲ್ಲ. ಟ್ರೈಪಾಡ್ ಬಾಗಿಲ ಬಳಿ ನಿಲ್ಲಿಸಿ, ಐಎಸ್‌ಒ 100ಕ್ಕೆ, ಅಪರ್ಚರ್ ಎಫ್/8ಕ್ಕೆ ಕಟ್ಟಿಹಾಕಿದೆ. ಅಪರ್ಚರ್ ಬದಲಿಸಿದರೆ ಎಲ್ಲಿಂದ ಎಲ್ಲಿಯವರೆಗೆ ಫೋಕಸ್ ಇರುತ್ತದೆ ಎಂಬುದೂ ಬದಲಾಗಿ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಆಡಿಸಬೇಕಾದದ್ದು ಶಟರ್ ಒಂದನ್ನೇ. ಫೋಕಸ್ ಕೂಡ ಕೈಯಲ್ಲೇ, ವೈಟ್ ಬ್ಯಾಲೆನ್ಸ್ ಒಂದೇ. ನೆಲದ ಬಿಸಿಲಿಗೆ 1/250 ಸೆಕೆಂಡ್ ಸರಿಯಿತ್ತು. ಅಲ್ಲಿಂದ 1/60, 1/15, 1/4, ಒಂದು ಸೆಕೆಂಡ್, ನಾಲ್ಕು, ಕೊನೆಗೆ ಹದಿನೈದು. ಹದಿನೈದು ಸೆಕೆಂಡಿನಲ್ಲಿ ಮಸಿಯ ಗೋಡೆಗೆ ಮೈ ಬಂತು. ಎರಡೆರಡು ಸ್ಟಾಪಿನ ಆರು ಹೆಜ್ಜೆ, ಒಟ್ಟು ಹನ್ನೆರಡು ಸ್ಟಾಪ್. ನೆಲದ ಮೇಲಿನ ಬಿಸಿಲಿಗೂ ಅಟ್ಟದ ಕೆಳಗಿನ ಗೋಡೆಗೂ ಹೆಚ್ಚುಕಡಿಮೆ ನಾಲ್ಕು ಸಾವಿರ ಪಟ್ಟು ಅಂತರ. ಒಳ್ಳೆಯ ಹೊಳಪಿನ ಫೋಟೊ ಕಾಗದದಲ್ಲಿ ಬಿಳುಪಿಗೂ ಕಪ್ಪಿಗೂ ಇರುವ ಅಂತರ ನೂರು ಪಟ್ಟಿನ ಆಸುಪಾಸು.

ದೊಡ್ಡಮ್ಮ ಒಲೆಯ ಮುಂದೆ ಕೂತು ನೋಡುತ್ತಿದ್ದರು. “ಒಂದೇ ಜಾಗನ ಎಷ್ಟು ಸಲ ತೆಗಿತೀಯೋ? ಒಂದ್ಸಲಕ್ಕೆ ಸರಿ ಬರಲ್ವಾ?”

“ಒಂದ್ಸಲಕ್ಕೆ ಹಿಡಿಯಲ್ಲ ದೊಡ್ಡಮ್ಮ. ನೀವು ಸ್ವಲ್ಪ ಅಲುಗಾಡ್ದೆ ಕೂತ್ಕಳಿ.”

“ಅನ್ನ ಸೀದ್ರೆ?”

ಅವರು ಕೂತರು, ಬೆಂಕಿ ಕೂರಲಿಲ್ಲ. ಬೇರೆ ಬೇರೆ ಎಕ್ಸ್‌ಪೋಶರಿನ ಚಿತ್ರಗಳಲ್ಲಿ ಏನಾದರೂ ಚಲಿಸಿದರೆ ಕೂಡಿಸಿದಾಗ ಅದರ ಭೂತ ಕಾಣುತ್ತದೆ. ಒಲೆಯ ಜ್ವಾಲೆ ಏಳೂ ಚಿತ್ರಗಳಲ್ಲಿ ಏಳು ಆಕಾರ. ಕೂಡಿಸಿದರೆ ಕಿತ್ತಳೆ ಬಣ್ಣದ ಮುದ್ದೆ. ಹಾಗಾಗಿ ಜ್ವಾಲೆಯ ಜಾಗವನ್ನು 1/60ರ ಚಿತ್ರದಿಂದ ಮಾತ್ರ ತೆಗೆದುಕೊಂಡೆ. ಹೊಗೆಯ ವಿಷಯ ಬೇರೆ. 1/250ರಲ್ಲಿ ಹೊಗೆ ಎಳೆಎಳೆಯಾಗಿ ನಿಂತಿತ್ತು, ನಾಲ್ಕು ಸೆಕೆಂಡಿನಲ್ಲಿ ಎಳೆಗಳೆಲ್ಲ ಕರಗಿ ಬಿಸಿಲುಕೋಲು ನುಣ್ಣಗಾಗಿತ್ತು. ಎರಡೂ ನಿಜವೇ. ಕೋಲಿನ ಬುಡದಲ್ಲಿ ಎಳೆ ಉಳಿಸಿಕೊಂಡು ಮೇಲೆ ನುಣುಪಾಗಲು ಬಿಟ್ಟೆ. ನನ್ನ ಕಣ್ಣಿಗೆ ಅಲ್ಲಿ ಹಾಗೆಯೇ ಕಂಡಿತ್ತು.

ಅಲ್ಲಿಂದ ಮುಂದಿನದು ತಿಂಗಳುಗಟ್ಟಲೆ ನಡೆದ ಕೆಲಸ. ಏಳು ಚಿತ್ರ ಕೂಡಿಸಿದರೆ 32 ಬಿಟ್‌ನ ಒಂದು ಕಡತವಾಗುತ್ತದೆ. ಫೋಟೊಶಾಪಿಗೆ ಆ ಸೌಲಭ್ಯ 2005ರಲ್ಲೇ ಬಂದಿತ್ತು. ನಾನು ಹೆಚ್ಚಾಗಿ ಬಳಸಿದ್ದು ಮುಂದೆ ಲ್ಯುಮಿನೆನ್ಸ್ ಎಚ್‌ಡಿಆರ್ ಎಂದು ಹೆಸರಾದ ಉಚಿತ ತಂತ್ರಾಂಶವನ್ನು. ಆ ಕಡತವನ್ನು ಯಾವ ಪರದೆಯೂ ಪೂರ್ತಿ ತೋರಿಸಲಾರದು. ಒಂದು ಗುಂಡಿ ಎಳೆದರೆ ಬಿಸಿಲಿನ ಪದರ ಕಾಣುತ್ತದೆ, ಇನ್ನಷ್ಟು ಎಳೆದರೆ ತಾಮ್ರದ ಹಂಡೆ, ಇನ್ನೂ ಎಳೆದರೆ ಅಟ್ಟದ ಕೆಳಗಿನ ಕತ್ತಲು. ರಾತ್ರಿ ಬೆಂಗಳೂರಿನ ಕೋಣೆಯಲ್ಲಿ ಕೂತು ಆ ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರೆ ಆ ಅಡುಗೆಮನೆಯೊಳಗೇ ಓಡಾಡಿದಂತಾಗುತ್ತಿತ್ತು. ನನ್ನ ಮಟ್ಟಿಗೆ ಎಚ್‌ಡಿಆರ್‌ನ ದೊಡ್ಡ ಸುಖ ಇದು. ಇದರಿಂದ ತಯಾರಾಗುವ ಅಂತಿಮ ಚಿತ್ರಕ್ಕಿಂತಲೂ ಆ ತೀರ್ಮಾನವಾಗದ ಕಡತವೇ ನನಗೆ ಹೆಚ್ಚು ಪ್ರಿಯವಾಯಿತು.

ಆದರೆ ತೀರ್ಮಾನ ಮಾಡಲೇಬೇಕು. ನಾಲ್ಕು ಸಾವಿರ ಪಟ್ಟನ್ನು ನೂರು ಪಟ್ಟಿಗೆ ಕುಗ್ಗಿಸುವ ಆ ಕೆಲಸಕ್ಕೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ, ಅದಕ್ಕೆ ಹಲವು ದಾರಿಗಳಿವೆ. 2002ರಲ್ಲಿ ಯೂಟಾ ವಿಶ್ವವಿದ್ಯಾಲಯದ ಎರಿಕ್ ರೈನ್‌ಹಾರ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ದಾರಿಯ ತಿರುಳು ಶಾಲೆಯ ಮಗುವಿಗೂ ಅರ್ಥವಾಗುವಷ್ಟು ಸರಳ: ಬೆಳಕನ್ನು, ಒಂದಕ್ಕೆ ಅದೇ ಬೆಳಕನ್ನು ಕೂಡಿಸಿದ ಮೊತ್ತದಿಂದ ಭಾಗಿಸು. ಬೆಳಕು 1 ಇದ್ದರೆ ಅರ್ಧವಾಗುತ್ತದೆ, 10 ಇದ್ದರೆ 10/11, 100 ಇದ್ದರೆ 100/101. ಕತ್ತಲು ಹೆಚ್ಚುಕಡಿಮೆ ಇದ್ದಂತೆಯೇ ಉಳಿಯುತ್ತದೆ, ಬೆಳಕು ಒಂದರ ಹತ್ತಿರ ಹತ್ತಿರ ಹೋಗಿ ಒತ್ತೊತ್ತಾಗುತ್ತದೆ. ಆದರೆ ಮೊದಲು ಹೆಚ್ಚು ಬೆಳಗಿದ್ದದ್ದು ಆಮೇಲೂ ಹೆಚ್ಚು ಬೆಳಗೇ. ಕ್ರಮ ತಪ್ಪುವುದಿಲ್ಲ. ಆ ಲೇಖನದ ಇನ್ನೊಂದು ಭಾಗದಲ್ಲಿ ಅವರು ಆಡಮ್ಸ್ ಅವರ ಜೋನ್ ಸಿಸ್ಟಂ ನೆನೆದು, ಡಾರ್ಕ್ ರೂಮಿನಲ್ಲಿ ಕೈಯಿಂದ ಎತ್ತುವ, ಇಳಿಸುವ ಕೆಲಸವನ್ನು ಪ್ರತಿ ಬಿಂದುವಿಗೂ ಕಂಪ್ಯೂಟರ್ ತಾನೇ ಮಾಡುವಂತೆ ಬರೆದಿದ್ದಾರೆ. ಓದುವಾಗ ಮೈ ಜುಮ್ಮೆಂದಿತು. ಯೂಟಾದ ಗಣಿತದೊಳಗೆ ನಮ್ಮೂರಿನ ರಟ್ಟಿನ ಬಿಲ್ಲೆ ಆಡುತ್ತಿತ್ತು.

ಇನ್ನೊಂದು ಜಾತಿಯ ವಿಧಾನಗಳು ಚಿತ್ರವನ್ನು ಎರಡು ಪದರವಾಗಿ ಬಿಡಿಸುತ್ತವೆ. ದೊಡ್ಡ ದೊಡ್ಡ ಜಾಗಗಳ ಬೆಳಕಿನ ಏರಿಳಿತ ಒಂದು ಪದರ, ಸಣ್ಣ ಸಣ್ಣ ವಿವರ ಇನ್ನೊಂದು. ಮೊದಲನೆಯದನ್ನು ಕುಗ್ಗಿಸಿ, ಎರಡನೆಯದನ್ನು ಹಾಗೆಯೇ ಉಳಿಸಿ, ಮತ್ತೆ ಸೇರಿಸುತ್ತವೆ. ಇದನ್ನು ಅಡುಗೆಮನೆಯ ಕಡತಕ್ಕೆ ಹಚ್ಚಿದಾಗ ಎರಡು ಸಂಗತಿ ನಡೆದವು. ನನ್ನ ಯೋಚನೆಯ ದಿಕ್ಕು ಬದಲಾದದ್ದು ಅವುಗಳಿಂದ.

ಮೊದಲನೆಯದು, ಬಿಸಿಲುಕೋಲು ಮಾಯವಾಯಿತು. ನೆಲದ ಮೇಲೆ ಬಿಸಿಲಿನ ಚೌಕವಿತ್ತು, ಮಾಡಿನಲ್ಲಿ ಗಾಜಿನ ಹಂಚಿತ್ತು, ಹೊಗೆಯ ಎಳೆಗಳೂ ಇದ್ದವು. ನಡುವಿನ ಕೋಲು ಮಾತ್ರ ಬೂದು ಗಾಳಿಯಾಗಿತ್ತು. ಕಾರಣ ಹುಡುಕಿದಾಗ ಸ್ಪಷ್ಟವಾಯಿತು. ಬಿಸಿಲುಕೋಲಿಗೆ ಸ್ವಂತದ ಗೆರೆ, ವಿವರ ಯಾವುದೂ ಇಲ್ಲ. ಅಂಚು ಮೆತ್ತಗೆ, ಮೈ ಅಗಲ. ಹಿಂದಿನ ಕಪ್ಪಿಗಿಂತ ಒಂದಿಷ್ಟು ಬೆಳಗು ಎಂಬುದೇ ಅದರ ಇರವು. ಲೆಕ್ಕದ ಕಣ್ಣಿಗೆ ಅದು ದೊಡ್ಡ ಜಾಗದ ಏರಿಳಿತ, ಆದ್ದರಿಂದ ಕುಗ್ಗಿಸಬೇಕಾದ ಪದರ. ಹಿಂದಿನ ಗೋಡೆಯನ್ನು ಎತ್ತಿದಷ್ಟೂ ಕೋಲು ತೆಳುವಾಗುತ್ತಿತ್ತು.

ಆಗ ನೆನಪಾದವರು ವಿ.ಕೆ. ಮೂರ್ತಿ. ಮೈಸೂರಿನಲ್ಲಿ ಹುಟ್ಟಿ ಮುಂಬೈಗೆ ಹೋಗಿ ಗುರುದತ್ತ್ ಅವರ ಚಿತ್ರಗಳಿಗೆ ಛಾಯಾಗ್ರಹಣ ಮಾಡಿದವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೊದೊಳಗೆ ಇಳಿಯುವ ಆ ದೊಡ್ಡ ಬೆಳಕಿನ ಕೋಲಿಗೆ ಅವರು ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದ್ದರು. ಆ ದೃಶ್ಯವನ್ನು ಮತ್ತೆ ಹಾಕಿಕೊಂಡು ನೋಡಿದೆ. ಈ ಸಲ ಕೋಲಿನಿಂದ ಕಣ್ಣು ಕಿತ್ತು ಅದರ ಸುತ್ತಲಿನ ಕತ್ತಲನ್ನು ನೋಡಿದೆ. ಆ ವಿಶಾಲವಾದ ಕಪ್ಪನ್ನು ಕಪ್ಪಾಗಿಯೇ ಬಿಟ್ಟಿರುವುದರಿಂದಲೇ ಬಿಸಿಲಿಗೆ ಅಷ್ಟು ಬಲ. ರೈನ್‌ಹಾರ್ಡ್ ಅವರ ಸರಳ ಸೂತ್ರಕ್ಕೆ ಹಿಂತಿರುಗಿ, ಗೋಡೆಯನ್ನು ಇಷ್ಟೇ ಇಷ್ಟು ಎತ್ತಿ, ಒಂದು ಪ್ರಿಂಟ್ ಹಾಕಿಸಿದೆ. ಹಂಡೆಯ ಕಂಠ, ದೊಡ್ಡಮ್ಮನ ಮುಖದ ಒಂದು ಮಗ್ಗುಲು, ಬಿಸಿಲುಕೋಲು. ಉಳಿದದ್ದು ಇದೆ ಎಂದು ತಿಳಿಯುವಷ್ಟು ಮಾತ್ರ ಇತ್ತು.

ಎರಡನೆಯ ಸಂಗತಿ ಇದಕ್ಕೆ ಸರಿ ಎದುರು. ಅದೇ ಬೂದುಬಣ್ಣದ, ಬಿಸಿಲುಕೋಲಿಲ್ಲದ ಚಿತ್ರದಲ್ಲಿ ಅಟ್ಟದ ಕೆಳಗಿನ ಗೋಡೆಯ ಮೇಲೆ ಏನೋ ಗೀರುಗಳು ಕಂಡವು. ಕಂಪ್ಯೂಟರ್ ಸೃಷ್ಟಿಸಿದ ಗದ್ದಲವೇ ಇರಬೇಕೆಂದು ಹದಿನೈದು ಸೆಕೆಂಡಿನ ಮೂಲ ಚಿತ್ರ ತೆರೆದು ನೋಡಿದರೆ ಅಲ್ಲಿಯೂ ಇದ್ದವು. ಸಾಲುಸಾಲಾಗಿ ಉದ್ದುದ್ದ ಗೆರೆ, ನಡುವೆ ಗಿಡ್ಡ ಗೆರೆ. ಆ ಗೋಡೆಯ ಕೆಳಗೆ ಎಷ್ಟೋ ಸಲ ಕೂತು ಉಂಡಿದ್ದೇನೆ, ಒಮ್ಮೆಯೂ ಕಂಡಿರಲಿಲ್ಲ. ಕಪ್ಪಿನೊಳಗಿನ ಅಷ್ಟು ಕಡಿಮೆ ವ್ಯತ್ಯಾಸ ಮಬ್ಬುಬೆಳಕಿನಲ್ಲಿ ಕಣ್ಣಿಗೆ ಸಿಗುವುದಿಲ್ಲ. ಹದಿನೈದು ಸೆಕೆಂಡ್ ಬೆಳಕು ಕೂಡಿಟ್ಟುಕೊಂಡ ಸೆನ್ಸರಿಗೆ ಸಿಕ್ಕಿತ್ತು.

ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು.

“ಅಯ್ಯೋ, ಇದು ಅತ್ತೆ ಹಾಕಿದ್ದು ಮಾರಾಯ! ನಿಮ್ಮಜ್ಜಿ. ಹಾಲಿನ ಲೆಕ್ಕ. ಎಲೆಗೆ ಹಚ್ಚೋ ಸುಣ್ಣನೇ ಬೆರಳಲ್ಲಿ ತಗಂಡು ಎಳೀತಿದ್ರು. ಉದ್ದದ್ದು ಸೇರು, ಗಿಡ್ಡದ್ದು ಪಾವು. ನಾನು ಮದ್ವೆಯಾಗಿ ಬಂದಾಗ ಕಾಣ್ತಿತ್ತು. ಆಮೇಲೆ ಮಸಿ ಹಿಡಿದು ಹೋತು.”

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಕೈಯಿಂದ ಆದ ಬರಹ ಅಂತ ಆ ಮನೆಯಲ್ಲಿ ಉಳಿದದ್ದು ಇದೊಂದೇ. ದೊಡ್ಡಮ್ಮ ಎದ್ದು ಹೋಗಿ ಗೋಡೆಯ ಹತ್ತಿರ ನಿಂತು ಟಾರ್ಚು ಬಿಟ್ಟು ಹುಡುಕಿದರು, ಸಿಗಲಿಲ್ಲ. ಮತ್ತೆ ಬಂದು ಪರದೆ ನೋಡಿದರು. ಬಿಸಿಲುಕೋಲಿನ ಪ್ರಿಂಟನ್ನು ನಾನು ಅಷ್ಟು ಆಸೆಯಿಂದ ಒಯ್ದಿದ್ದೆ. ಅದನ್ನು ಚೆನ್ನಾಗಿದೆ ಎಂದು ಪಕ್ಕಕ್ಕಿಟ್ಟು, ಈ ಬೂದು ಗೋಡೆಯದೇ ಒಂದು ಹಾಕಿಸಿಕೊಡು ಎಂದು ಕೇಳಿದರು. ಹಾಕಿಸಿಕೊಟ್ಟೆ.

ಆ ದಿನಗಳಲ್ಲಿ ಎಚ್‌ಡಿಆರ್ ಬಗ್ಗೆ ನಡೆಯುತ್ತಿದ್ದ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ ಇತ್ತು: ಇದು ಸಹಜವೋ ಕೃತಕವೋ? ನನಗೆ ಆ ಪ್ರಶ್ನೆ ಹಿಡಿಸಲೇ ಇಲ್ಲ. ಬೆಳಕನ್ನು ಅಳೆಯುವುದು ಒಂದು ಕೆಲಸ, ಅಳೆದದ್ದನ್ನು ತೋರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರಾಮಾಣಿಕತೆ ಬೇಕು, ಎರಡನೆಯದರಲ್ಲಿ ಯಾರಿಗಾಗಿ, ಯಾತಕ್ಕಾಗಿ ಎಂಬ ಎಚ್ಚರ ಬೇಕು. ಅಡುಗೆಮನೆ ನನಗೆ ಹೇಗೆ ಕಂಡಿತ್ತು ಎಂದು ಹೇಳುವ ಪ್ರಿಂಟಿಗೂ ಗೋಡೆಯ ಮೇಲೆ ಏನಿತ್ತು ಎಂದು ಹೇಳುವ ಪ್ರಿಂಟಿಗೂ ಒಂದೇ ಮೂಲ. ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ.

ಗಾಢ ಬಣ್ಣದ, ಮೋಡ ಗುಡುಗುವಂಥ ಎಚ್‌ಡಿಆರ್ ಚಿತ್ರಗಳೂ ಆಗ ಎಲ್ಲೆಲ್ಲೂ ಇದ್ದವು. ಫೋಟೊಮ್ಯಾಟಿಕ್ಸ್ ತಂತ್ರಾಂಶದಲ್ಲಿ ಗುಂಡಿಗಳನ್ನು ಕೊನೆಯವರೆಗೆ ಎಳೆದರೆ ಅಂಥವು ಸಿಗುತ್ತಿದ್ದವು. ನಾನೂ ಎಳೆದಿದ್ದೇನೆ, ಖುಷಿಯಿಂದ. ಕುಂದಾದ್ರಿಯ ಬಂಡೆಯ ಒಂದು ಚಿತ್ರ ಇನ್ನೂ ಇದೆ: ಬಂಡೆಯ ಸುತ್ತ ಆಕಾಶದಲ್ಲಿ ಬೆಳ್ಳನೆಯ ಪ್ರಭೆ, ಅಡಿಕೆಯ ಸೋಗೆಗಳು ಗಾಳಿಗೆ ಮೂರು ಮೂರಾಗಿ ಕಾಣುತ್ತವೆ. ಪ್ರತಿ ಬಿಂದುವನ್ನೂ ಅದರ ನೆರೆಹೊರೆಯ ಜೊತೆ ಹೋಲಿಸಿ ಎತ್ತುವಾಗ, ಕಪ್ಪು ಬಂಡೆಗೆ ತಾಗಿದ ಆಕಾಶ ಬೇರೆ ಆಕಾಶಕ್ಕಿಂತ ಹೆಚ್ಚು ಮೇಲೇಳುತ್ತದೆ. ಪ್ರಭೆ ಬರುವುದು ಹಾಗೆ. ಆ ಚಿತ್ರ ಯಕ್ಷಗಾನದ ರಂಗದ ಹಾಗೆ ಮೆರೆಯುತ್ತದೆ, ಮತ್ತು ಅದು ನನಗೆ ಇಷ್ಟ. ಗೋಡೆಗೆ ಹಾಕಿಲ್ಲ, ಅಳಿಸಿಯೂ ಇಲ್ಲ.

ಬೇಲೂರಿನಲ್ಲಿ ಪ್ರಯೋಗ ಬೇರೆ ಥರ ನಡೆಯಿತು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ನವರಂಗ ಮೊದಲು ತೆರೆದ ಮಂಟಪವಾಗಿತ್ತು. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಲ್ಲಿನ ಜಾಲಂಧ್ರಗಳು ಬಂದು ಒಳಗೆ ಕತ್ತಲಾಯಿತು. ಹೊರಗೆ ಉರಿಬಿಸಿಲು, ನಕ್ಷತ್ರದಾಕಾರದ ತೂತುಗಳು, ಒಳಗೆ ತಿರುಗಣೆಯಲ್ಲಿ ಕಡೆದಂಥ ನುಣ್ಣನೆಯ ಕಂಬಗಳು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಹೆಸರುಕಾಳು ತುಂಬಿದ ಬಟ್ಟೆಯ ಚೀಲ ಒಯ್ದು, ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಒರಗಿಸಿ ತೆಗೆದೆ. ಚಿತ್ರಗಳು ಅಷ್ಟಿಷ್ಟು ಜರುಗಿದ್ದವು. ಜರುಗಿದ್ದನ್ನು ಸರಿಹೊಂದಿಸಲು ತಂತ್ರಾಂಶ ಬಳಸುವ ಗ್ರೆಗ್ ವಾರ್ಡ್ ಅವರ 2003ರ ಉಪಾಯ ನನಗೆ ಬಹಳ ಮೆಚ್ಚು. ಪ್ರತಿ ಚಿತ್ರದ ಎಲ್ಲ ಬಿಂದುಗಳನ್ನು ಬೆಳಕಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಸರಿ ನಡುವಿನದನ್ನು ಗುರುತಿಸು. ಅದಕ್ಕಿಂತ ಬೆಳಗಿದ್ದದ್ದೆಲ್ಲ ಬಿಳಿ, ಕತ್ತಲಿದ್ದದ್ದೆಲ್ಲ ಕಪ್ಪು. ಎಕ್ಸ್‌ಪೋಶರ್ ಎಷ್ಟೇ ಬದಲಾದರೂ ಯಾವುದು ನಡುವಿಗಿಂತ ಬೆಳಗು, ಯಾವುದು ಕತ್ತಲು ಎಂಬುದು ಬದಲಾಗುವುದಿಲ್ಲವಾದ್ದರಿಂದ ಎಲ್ಲ ಚಿತ್ರಗಳಿಗೂ ಹೆಚ್ಚುಕಡಿಮೆ ಒಂದೇ ಕಪ್ಪುಬಿಳಿಯ ಅಚ್ಚು ಸಿಗುತ್ತದೆ. ಆ ಅಚ್ಚುಗಳನ್ನು ಒಂದರ ಮೇಲೊಂದು ಕೂರಿಸಿದರಾಯಿತು.

ಜನ ಓಡಾಡುತ್ತಿದ್ದರು. ಅವರು ಖಾಲಿ ಮಾಡುವವರೆಗೆ ಕಾಯುತ್ತ ಕೂತಾಗ ಕಂಡದ್ದು: ಒಳಗೆ ಕಾಲಿಟ್ಟವರೆಲ್ಲ ಮೊದಲು ಜಾಲಂಧ್ರ ನೋಡುತ್ತಾರೆ, ಆಮೇಲೆ ಕಂಬದ ಮೇಲಿನ ಮಿರುಗು, ಎಷ್ಟೋ ಹೊತ್ತಾದ ಮೇಲೆ ಕಂಬದ ಬಳೆಗಳು, ಎಲ್ಲಕ್ಕಿಂತ ಕೊನೆಗೆ ಮೇಲ್ಛಾವಣಿಯ ಭುವನೇಶ್ವರಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತ ಹೋಗುವ ಕ್ರಮ ಅದು. ಚಿತ್ರ ಸಿದ್ಧಪಡಿಸುವಾಗ ಆ ಕ್ರಮವನ್ನೇ ಹಿಡಿದುಕೊಂಡೆ. ಜಾಲಂಧ್ರ ಎಲ್ಲಕ್ಕಿಂತ ಬೆಳಗು, ಆದರೆ ತೂತಿನಾಚೆಯ ಕಲ್ಲುಹಾಸು ಗೊತ್ತಾಗುವಷ್ಟು ಇಳಿಸಿದ್ದು. ಮಿರುಗು ಅದಕ್ಕಿಂತ ಕೆಳಗೆ. ಬಳೆಗಳು ಇನ್ನೂ ಕೆಳಗೆ, ನೋಡುವವರು ಒಂದು ಕ್ಷಣ ನಿಲ್ಲಬೇಕಾಗುವಷ್ಟು. ಇದಕ್ಕೆ ನನಗೆ ಒದಗಿದ್ದು 2007ರಲ್ಲಿ ಮೆರ್ಟೆನ್ಸ್ ಮತ್ತು ಜೊತೆಗಾರರು ತೋರಿಸಿದ ದಾರಿ. ಅದರಲ್ಲಿ 32 ಬಿಟ್ ಕಡತವೇ ಹುಟ್ಟುವುದಿಲ್ಲ. ಪ್ರತಿ ಜಾಗಕ್ಕೂ ಯಾವ ಚಿತ್ರ ಚೆನ್ನಾಗಿ ಬಂದಿದೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು ನೇರವಾಗಿ ಬೆಸೆಯುತ್ತದೆ. ಕಲ್ಲಿನ ಬಣ್ಣ ಕಲ್ಲಿನ ಬಣ್ಣವಾಗಿಯೇ ಉಳಿಯಿತು. ದೇವಸ್ಥಾನದ ಒಳಗಿನ ಚಿತ್ರಗಳಿಗೆ ನಾನು ಆಮೇಲೆ ಬೇರೆ ವಿಧಾನ ಹುಡುಕಲಿಲ್ಲ.

2010ರಲ್ಲಿ ಐಫೋನಿಗೆ ಎಚ್‌ಡಿಆರ್ ಬಂತು. ಕೆಲವೇ ವರ್ಷಗಳಲ್ಲಿ ಗೂಗಲ್ ಇನ್ನೂ ಜಾಣತನದ ದಾರಿ ಹಿಡಿಯಿತು: ಬೇರೆ ಬೇರೆ ಎಕ್ಸ್‌ಪೋಶರಿನ ಬದಲು, ಬೆಳಗಿನ ಜಾಗ ಸುಡದಂತೆ ಕಡಿಮೆ ಎಕ್ಸ್‌ಪೋಶರಿನ ಒಂದೇ ಥರದ ಹಲವು ಚಿತ್ರಗಳನ್ನು ಕ್ಷಣದಲ್ಲಿ ತೆಗೆದು ಕೂಡಿಸುವುದು. ಒಂಬತ್ತು ಚಿತ್ರ ಕೂಡಿಸಿದರೆ ನೆರಳಿನ ಗದ್ದಲ ಮೂರನೇ ಒಂದಕ್ಕೆ ಇಳಿಯುತ್ತದೆ. ಎಲ್ಲ ಚಿತ್ರ ಒಂದೇ ಥರ ಇರುವುದರಿಂದ ಸರಿಹೊಂದಿಸುವುದೂ ಸುಲಭ, ಕುಣಿಯುವ ಮಗುವಿನ ಭೂತವೂ ಕಾಣುವುದಿಲ್ಲ. ಕಿಟಕಿಗೆ ಬೆನ್ನು ಹಾಕಿ ನಿಂತ ಅಮ್ಮನ ಮುಖ ಈಗ ಎಲ್ಲರ ಫೋನಿನಲ್ಲೂ ಸರಿಯಾಗಿ ಬರುತ್ತದೆ. ಇದು ದೊಡ್ಡ ಉಪಕಾರ. ನನ್ನ ತಕರಾರು ಒಂದೇ: ಫೋನು ಅಳೆಯುವುದನ್ನೂ ತೋರಿಸುವುದನ್ನೂ ಒಂದೇ ಉಸಿರಿಗೆ ಮುಗಿಸಿ, ಅಳೆದದ್ದನ್ನು ಅಲ್ಲೇ ಬಿಟ್ಟುಬಿಡುತ್ತದೆ. ಕೈಗೆ ಬರುವುದು 8 ಬಿಟ್‌ನ ತೀರ್ಮಾನ. ಇಪ್ಪತ್ತು ವರ್ಷದ ನಂತರ ಇನ್ನೊಂದು ಪ್ರಶ್ನೆ ಹುಟ್ಟಿದರೆ ಕೇಳಲು ಆ ಚಿತ್ರದಲ್ಲಿ ಏನೂ ಉಳಿದಿರುವುದಿಲ್ಲ. ಮನೆ, ಗುಡಿ, ಹಳೆಯ ವಸ್ತುಗಳ ಚಿತ್ರ ತೆಗೆಯುವವರು ರಾ ಕಡತವನ್ನೂ ಇಟ್ಟುಕೊಳ್ಳಿ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ.

ದೊಡ್ಡಮ್ಮ ಈಗಿಲ್ಲ. ಮನೆ ರಿಪೇರಿಯಾಗಿ ಅಡುಗೆಮನೆಯ ಗೋಡೆಗೆ ಸಿಮೆಂಟ್ ಗಾರೆ, ಟೈಲ್ಸ್ ಬಂದಿದೆ. ಗ್ಯಾಸ್ ಒಲೆ, ದೊಡ್ಡ ಕಿಟಕಿ. ಅತ್ತಿಗೆಗೆ ಹೊಗೆಯಿಂದ ಕಣ್ಣುರಿ, ಕೆಮ್ಮು ತಪ್ಪಿತು. ಮಾಡಿಸಿದ್ದು ಒಳ್ಳೆಯದೇ ಆಯಿತು. ಸುಣ್ಣದ ಗೆರೆಗಳು ಗಾರೆಯ ಹಿಂದೆ ಹೋದವು. ದೊಡ್ಡಮ್ಮ ಇಟ್ಟುಕೊಂಡಿದ್ದ ಬೂದು ಪ್ರಿಂಟು ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದಿತ್ತು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅವರ ಮೊಮ್ಮಗ ಆ ಪ್ರಿಂಟು ಹಿಡಿದು ಬಂದ. ಕಾಲೇಜಿನಲ್ಲಿ ಚಿತ್ರಗಳ ಮೇಲೆ ಕಂಪ್ಯೂಟರ್ ಕೆಲಸವನ್ನೇ ಓದುತ್ತಿದ್ದಾನೆ. “ಚಿಕ್ಕಪ್ಪ, ಇದರ ಒರಿಜಿನಲ್ ಇದೆಯಾ? ಆ ಗೆರೆಗಳನ್ನ ಈಗಿನ ಸಾಫ್ಟ್‌ವೇರಲ್ಲಿ ಇನ್ನೂ ಚೆನ್ನಾಗಿ ತೆಗೀಬಹುದು” ಎಂದ. ನಾನು ಸಿದ್ಧಪಡಿಸಿದ ಯಾವ ಚಿತ್ರವನ್ನೂ ಕೊಡಲಿಲ್ಲ. ಏಳು ರಾ ಕಡತಗಳನ್ನೇ ಕೊಟ್ಟೆ. ಹದಿನೈದು ಸೆಕೆಂಡಿನದನ್ನು ತೆರೆದ ಕೂಡಲೇ ಕೆಟ್ಟುಹೋಗಿದೆ ಅನ್ನಿಸುತ್ತದೆ, ನೆಲ, ಬಿಸಿಲುಕೋಲು, ಹಂಡೆ ಎಲ್ಲ ಸುಟ್ಟು ಬಿಳಿಯಾಗಿದೆ, ಅದನ್ನು ಮಾತ್ರ ಅಳಿಸಬೇಡ, ಲೆಕ್ಕ ಇರುವುದೇ ಅದರಲ್ಲಿ ಎಂದೆ.

“ಅಳಿಸಲ್ಲ. ಸೇರು ಎಷ್ಟು, ಪಾವು ಎಷ್ಟು ಅಂತ ಎಣಿಸಿ ಹೇಳ್ತೀನಿ” ಎಂದು ಪೆನ್‌ಡ್ರೈವ್ ತೆಗೆದುಕೊಂಡು ಹೋದ.